ಫೈಲ್ ಮೇಷ್ಟ್ರು

"ಮುಂದಿನ ಟರ್ಮಿಗೆ ನಾನಿಲ್ಲಿ ಇರಲ್ಲ ಕಣ್ರೀ" ಎನ್ನುವ ಇಂಗ್ಲಿಷ್ ಮೇಷ್ಟ್ರೊಬ್ಬರು ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಇರುತ್ತಾರೆ. ಎಂ.ಎ. ಆಗಿರುತ್ತದೆ, ಕೆ-ಸೆಟ್ ಆಗಿರುತ್ತದೆ, ವಯಸ್ಸು ಮೂವತ್ತೈದೂ ಆಗಿರುತ್ತದೆ. ನೌಕರಿ ಮಾತ್ರ ಕಾಯಂ ಆಗಿರುವುದಿಲ್ಲ. ಅತಿಥಿ ಉಪನ್ಯಾಸಕರೆಂದು ವರ್ಷಕ್ಕೊಮ್ಮೆ ಹೊಸದಾಗಿ ಸೇರಿ, ವರ್ಷಕ್ಕೊಮ್ಮೆ ಬಿಡುಗಡೆಯಾಗುತ್ತಿರುತ್ತಾರೆ. ನಡುವೆ ಒಂದು ದಿನ ಯಾರೋ ಹೇಳುತ್ತಾರೆ: ಹೊರದೇಶದಲ್ಲಿ ನಾಲ್ಕೈದು ತಿಂಗಳ ಮಟ್ಟಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಗುತ್ತದೆ, ಒಂದಷ್ಟು ಕಾಗದಪತ್ರ ಹೊಂದಿಸಿಕೊಂಡರಾಯಿತು. ಆ "ಒಂದಷ್ಟು" ಅವರ ಬದುಕನ್ನೇ ನುಂಗುತ್ತದೆ.

ನಮ್ಮ ಸ್ಟಾಫ್ ರೂಮಿನಲ್ಲಿದ್ದ ಇಂಥವರನ್ನು ನಾವು ಫೈಲ್ ಮೇಷ್ಟ್ರು ಎನ್ನುತ್ತಿದ್ದೆವು. ಕಂಕುಳಲ್ಲಿ ಸದಾ ಕಂದು ಬಣ್ಣದ ರೆಕ್ಸಿನ್ ಫೈಲು. ಮದುವೆ ಮನೆಯ ಪಂಕ್ತಿಯಲ್ಲೂ ಅದು ತೊಡೆಯ ಮೇಲೆ. ಸಾರಿನ ಬಕೆಟ್ಟು ಹತ್ತಿರ ಬಂದರೆ ಬೇರೆಯವರು ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ಇವರು ಫೈಲಿಗೆ.

ಮೊದಲು ಅವರ ಕಣ್ಣು ಬಿದ್ದದ್ದು ದಕ್ಷಿಣ ಕೊರಿಯಾದ ಮೇಲೆ. ಅಲ್ಲಿ ಇಂಗ್ಲಿಷ್ ಕಲಿಸುವವರಿಗೆ ಕೊಡುವ ಇ-2 ವೀಸಾ ಅಮೆರಿಕ, ಕೆನಡಾ, ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಿಗೆ. "ಆದ್ರೆ ಸಾರ್, 2010ರಲ್ಲಿ ಜಾರಿಗೆ ಬಂತಲ್ಲ, ಸೆಪಾ ಒಪ್ಪಂದ, ಅದರಲ್ಲಿ ನಮಗೂ ಒಂದು ಕಿಟಕಿ ಬಿಟ್ಟಿದ್ದಾರೆ" ಎಂದು ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟು ವಿವರಿಸಿದರು. ಕಿಟಕಿಗೆ ಸರಳು ಇರುವುದು ಆಮೇಲೆ ತಿಳಿಯಿತು. ಭಾರತೀಯರಾದರೆ ಶಾಲಾ ಶಿಕ್ಷಕರ ಅರ್ಹತೆ, ಅಂದರೆ ಬಿ.ಎಡ್. ಇರಬೇಕು. ಬಿ.ಎ. ಹುಡುಗರಿಗೆ ಮ್ಯಾಕ್‌ಬೆತ್ ಪಾಠ ಮಾಡಲು ಯೋಗ್ಯರಾದ ಮೇಷ್ಟ್ರು ಕೊರಿಯಾದ ಕೂಸುಗಳಿಗೆ ಎ ಫಾರ್ ಆಪಲ್ ಹೇಳಿಕೊಡಲು ಅನರ್ಹರಾದರು.

ಹಾಗಾಗಿ ಥಾಯ್ಲೆಂಡ್. ಅಲ್ಲಿ ಶಿಕ್ಷಕ ಪರವಾನಗಿ ಇಲ್ಲದವರಿಗೂ ಕುರುಸಪಾ ಎಂಬ ಶಿಕ್ಷಕರ ಮಂಡಳಿ ಎರಡು ವರ್ಷದ ತಾತ್ಕಾಲಿಕ ಅನುಮತಿ ಕೊಡುತ್ತದೆ. ಎರಡನೇ ಟರ್ಮು ನವೆಂಬರಿನಿಂದ ಮಾರ್ಚಿನವರೆಗೆ. ಚೋನ್‌ಬುರಿ ಪ್ರಾಂತ್ಯದ ಕಡಲ ಪಕ್ಕದ ಊರಿನ ಶಾಲೆಯೊಂದು ಇವರನ್ನು ಒಪ್ಪಿಕೊಂಡು ಪತ್ರವನ್ನೂ ಕಳಿಸಿತು. "ಮಾನ್ಯ ಹೊಳೆನರಸೀಪುರ ಅವರೇ" ಎಂದು ಶುರುವಾಗಿತ್ತು ಪತ್ರ.

ಇದು ಪಾಸ್‌ಪೋರ್ಟಿನ ಕೆಲಸ. ನಮ್ಮ ಕಡೆ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಷಿಯಲ್ ಇದ್ದರೆ ಮುಗಿಯಿತು. ಪಾಸ್‌ಪೋರ್ಟು ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಎನ್ನುತ್ತದೆ. ಬಿಡಿಸಿದಾಗ ಹುಟ್ಟಿದೂರು ಸರ್‌ನೇಮ್ ಜಾಗದಲ್ಲಿ ಕೂತಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮುಂದೆ, ಪಾಸ್‌ಪೋರ್ಟಿನಲ್ಲಿ ಇಡೀ ತಾಲ್ಲೂಕು. ಈ ಮೂವರೂ ಒಬ್ಬನೇ ಎಂದು ಕೋರ್ಟಿನ ಮುಂದೆ ಛತ್ರಿ ಬಿಚ್ಚಿ ಕೂತ ನೋಟರಿಯ ಹತ್ತಿರ ಅಫಿಡವಿಟ್ ಮಾಡಿಸಿದರು. ನೋಟರಿ ಓದಿ ನೋಡಿ, "ಮೇಷ್ಟ್ರೇ, ಮೂರು ಜನ ಇದ್ದಿದ್ರೆ ಮೂರು ಸಂಬಳ ಬರ್ತಿತ್ತು" ಎಂದರಂತೆ.

ಡಿಗ್ರಿಗೆ ಮುದ್ರೆ ಹಾಕಿಸುವುದು ಮುಂದಿನ ಪರ್ವ. ಬೆಂಗಳೂರಿನಲ್ಲಿ ರಾಜ್ಯದ ಶಿಕ್ಷಣ ಇಲಾಖೆಯ ಮುದ್ರೆ, ದಿಲ್ಲಿಯಲ್ಲಿ ವಿದೇಶಾಂಗ ಸಚಿವಾಲಯದ್ದು, ಅದರ ಮೇಲೆ ಥಾಯ್ ರಾಯಭಾರ ಕಚೇರಿಯದು. "ಅಪೊಸ್ಟಿಲ್ ಒಪ್ಪಂದ 1961ರಲ್ಲಿ ಆಯ್ತು, ನಾವು ಸೇರಿದ್ದು 2005ರಲ್ಲಿ. ಥಾಯ್ಲೆಂಡ್ ಸೇರಿದ್ರೆ ಒಂದೇ ಸ್ಟಿಕ್ಕರಿನಲ್ಲಿ ಮುಗೀತಿತ್ತು" ಎಂದು ಮೇಷ್ಟ್ರು ಆ ದೇಶದ ಪರವಾಗಿ ನೊಂದುಕೊಂಡರು. ಮುದ್ರೆ ಒತ್ತಿಸಲು ಸರ್ಟಿಫಿಕೇಟು ತೆಗೆದರೆ ಅದು ಲ್ಯಾಮಿನೇಷನ್ ಒಳಗಿತ್ತು. ಮನೆತನದಲ್ಲಿ ಮೊದಲ ಎಂ.ಎ. ಎಂದು ಅಪ್ಪ ಅಭಿಮಾನದಿಂದ, ಇದ್ದುದರಲ್ಲೇ ದಪ್ಪನೆಯ ಪ್ಲಾಸ್ಟಿಕ್ ಆರಿಸಿ ಹಾಕಿಸಿದ್ದರು. ಲ್ಯಾಮಿನೇಟ್ ಆದ ಕಾಗದದ ಮೇಲೆ ಮುದ್ರೆ ಕೂರುವುದಿಲ್ಲ. ಜೆರಾಕ್ಸ್ ಅಂಗಡಿಯವನು ಇಸ್ತ್ರಿ ಪೆಟ್ಟಿಗೆ ತಂದು ಬಿಡಿಸಿ ಕೊಡುತ್ತೇನೆಂದ. ಮೇಷ್ಟ್ರು ವಿಶ್ವವಿದ್ಯಾಲಯಕ್ಕೇ ಅರ್ಜಿ ಹಾಕಿ ನಕಲು ಪ್ರತಿ ತರಿಸಿದರು. ಅಪ್ಪ ಮಾತ್ರ ಹೊಸದನ್ನು ನೋಡಿದಾಗಲೆಲ್ಲ, "ಇದಕ್ಕೂ ಒಂದು ಹಾಕ್ಸೋದಲ್ವಾ ಮಗಾ, ಮಳೆಗಾಲ" ಎನ್ನುತ್ತಿದ್ದರು.

ಪೊಲೀಸ್ ಕ್ಲಿಯರೆನ್ಸ್‌ಗೆಂದು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ ಕಟ್ಟಿದ್ದಾಯಿತು. ಒಂದು ಬೆಳಿಗ್ಗೆ ಪೇದೆಯವರು ಮನೆ ಬಾಗಿಲಿಗೆ ಬಂದರು. ಎದುರು ಮನೆಯ ಸರೋಜಮ್ಮ ಕಸಗುಡಿಸುವುದನ್ನು ನಿಲ್ಲಿಸಿದರು. ಸಂಜೆಯೊಳಗೆ ಮೇಷ್ಟ್ರ ಮೇಲೆ ಯಾವುದೋ ಕೇಸಾಗಿದೆ ಎಂದು ಬೀದಿಗೆಲ್ಲ ಗೊತ್ತಾಯಿತು. ಗೊತ್ತುಮಾಡಿದ್ದ ಒಂದು ಹೆಣ್ಣಿನ ಕಡೆಯವರು ಫೋನು ಎತ್ತುವುದನ್ನು ಬಿಟ್ಟರು. ಯಾವ ಕೇಸೂ ಇಲ್ಲ ಎಂಬ ಸರ್ಟಿಫಿಕೇಟು ಕೈಗೆ ಬರುವ ಹೊತ್ತಿಗೆ ಅದನ್ನು ಮೊದಲು ತೋರಿಸಬೇಕಾದದ್ದು ಥಾಯ್ಲೆಂಡಿಗಲ್ಲ, ಸರೋಜಮ್ಮನಿಗೆ ಎಂಬ ಸ್ಥಿತಿ ಬಂದಿತ್ತು.

ಡಾಕ್ಟರ ಸರ್ಟಿಫಿಕೇಟಿನ ಕಥೆ ಬೇರೆ. ಕುಷ್ಠ, ಕ್ಷಯ, ಆನೆಕಾಲು, ಮೂರನೇ ಹಂತದ ಸಿಫಿಲಿಸ್, ಮಾದಕ ವ್ಯಸನ, ಕುಡಿತದ ಚಟ ಇವು ಯಾವುವೂ ಇಲ್ಲವೆಂದು ಬರೆದುಕೊಡುವ ನಮೂನೆ. ಬಾಲ್ಯದಿಂದ ನೋಡಿದ ಡಾಕ್ಟರು ಕನ್ನಡಕ ಸರಿಮಾಡಿಕೊಂಡು, "ನಾಲ್ಕನೇದು ಇಲ್ಲ ಅಂತ ಕಣ್ಣು ಮುಚ್ಚಿ ಬರೀತೀನಿ, ನಿನ್ನ ಸ್ವಭಾವ ಗೊತ್ತಲ್ಲ" ಎಂದರು. ಆನೆಕಾಲಿನ ವಿಷಯದಲ್ಲಿ ಮಾತ್ರ ರಾಜಿಯಿಲ್ಲ. ಪ್ಯಾಂಟು ಮಡಚಿಸಿ ಎರಡೂ ಕಾಲನ್ನು ಟೇಪು ಹಿಡಿದು ಅಳೆದು, ಅಳತೆಯನ್ನೂ ಷರಾದಲ್ಲಿ ನಮೂದಿಸಿದರು.

ಇಂಗ್ಲಿಷ್ ಮಾತೃಭಾಷೆಯಲ್ಲದ ಮೇಲೆ ಇಂಗ್ಲಿಷ್ ಬರುತ್ತದೆ ಎಂಬುದಕ್ಕೂ ಪುರಾವೆ ಬೇಕಲ್ಲ. ಟೋಯಿಕ್ ಪರೀಕ್ಷೆಯಲ್ಲಿ 990ಕ್ಕೆ 600 ತರಬೇಕೆಂದು ಶಾಲೆ ಹೇಳಿತು. ಲೇಡಿ ಮ್ಯಾಕ್‌ಬೆತ್ ಕೈ ತೊಳೆದದ್ದೇಕೆ ಎಂದು ಗಂಟೆಗಟ್ಟಲೆ ಹೇಳಬಲ್ಲವರು, ಆಫೀಸಿನ ಮೀಟಿಂಗು ಯಾವ ದಿನಕ್ಕೆ ಮುಂದೂಡಿದೆ, ಪ್ರಿಂಟರು ಯಾಕೆ ಕೆಟ್ಟಿದೆ ಎಂಬುದನ್ನು ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು ಗುರುತು ಹಾಕಿ ಬಂದರು.

ಇಷ್ಟಾದರೂ ಹೊರಡಲಾಗದ್ದಕ್ಕೆ ಕಾರಣ ಕಾಗದಗಳ ಆಯುಸ್ಸು. ಟೋಯಿಕ್ ಅಂಕಕ್ಕೆ ಎರಡು ವರ್ಷ. ಪೊಲೀಸರ ಕಾಗದ ಆರು ತಿಂಗಳು ದಾಟಿದರೆ ಮೂಗು ಮುರಿಯುತ್ತಾರೆ. ಫೋಟೋ ಕೂಡ ಆರು ತಿಂಗಳೊಳಗಿನದೇ ಆಗಬೇಕು. ಡಾಕ್ಟರು ಬರೆದದ್ದಕ್ಕೆ ಬಾಳಿಕೆ ಇನ್ನೂ ಕಡಿಮೆ. ಡಿಗ್ರಿ ದಿಲ್ಲಿಯಿಂದ ಬರುವಷ್ಟರಲ್ಲಿ ಡಾಕ್ಟರದು ಹೋಯಿತು, ಕಾಲು ಮತ್ತೆ ಅಳೆಸುವಷ್ಟರಲ್ಲಿ ಪೊಲೀಸರದು ಹೋಯಿತು, ಅದು ಬರುವಷ್ಟರಲ್ಲಿ ಟರ್ಮೇ ಹೋಯಿತು. ಇಡ್ಲಿ ಬೆಂದಾಗ ಚಟ್ನಿ ಹಳಸುವ, ಚಟ್ನಿ ರುಬ್ಬಿದಾಗ ಇಡ್ಲಿ ಆರುವ ಸಂಸಾರ. ಮೇಷ್ಟ್ರು ಎದೆಗುಂದಲಿಲ್ಲ. ಸ್ಟಾಫ್ ರೂಮಿನ ಕ್ಯಾಲೆಂಡರಿನಲ್ಲಿ ನಾವು ರಜಾ ಗುರುತು ಮಾಡುತ್ತಿದ್ದರೆ ಅವರು ಯಾವ ಕಾಗದ ಎಂದು ತೀರಿಕೊಳ್ಳುತ್ತದೆಂದು ಗುರುತು ಮಾಡುತ್ತಿದ್ದರು.

ಕೊನೆಗೆ 2018ರಲ್ಲಿ ಎಲ್ಲ ಕಾಗದಗಳೂ ಏಕಕಾಲಕ್ಕೆ ಜೀವಂತ ಸಿಕ್ಕವು. ಚೆನ್ನೈನ ಥಾಯ್ ಕಾನ್ಸುಲೇಟ್ ಪಾಸ್‌ಪೋರ್ಟಿಗೆ ನಾನ್-ಇಮಿಗ್ರೆಂಟ್ ಬಿ ವೀಸಾ ಅಂಟಿಸಿತು. ಹಾರ ಹಾಕಿ ಕಳಿಸಿಕೊಟ್ಟೆವು. ಮಾರ್ಚಿ ಮುಗಿಯುತ್ತಲೇ ವಾಪಸು ಬಂದರು. ಸುತ್ತ ಕುಳಿತು, ದೇಶ ಹೇಗಿತ್ತು ಎಂದೆವು.

"ಟಿಎಂ 30 ಅಂತ ಒಂದಿದೆ ಸಾರ್" ಎಂದು ಶುರುಮಾಡಿದರು. ಪರದೇಶದವರು ಬಂದಿಳಿದ 24 ಗಂಟೆಯೊಳಗೆ ಮನೆ ಮಾಲೀಕರೇ ಇಮಿಗ್ರೇಷನ್‌ಗೆ ತಿಳಿಸಬೇಕಂತೆ. ತೊಂಬತ್ತು ದಿನಕ್ಕೊಮ್ಮೆ "ಇನ್ನೂ ಇಲ್ಲೇ ಇದ್ದೇನೆ" ಎಂದು ಹೇಳಿಕೊಳ್ಳಲು ಟಿಎಂ 47. ವೀಸಾ ಕೊಡುವುದು ತೊಂಬತ್ತು ದಿನಕ್ಕೆ, ಟರ್ಮು ಅದಕ್ಕಿಂತ ಉದ್ದ. ಆದ್ದರಿಂದ ನಡುವೆ ವಿಸ್ತರಣೆಗೆ ಟಿಎಂ 7. ಶಾಲೆಗೆ ಹೋಗುವ ದಾರಿಯ ನಕ್ಷೆ ಲಗತ್ತಿಸಬೇಕು. ಪ್ರತಿ ನಕಲಿನ ಪ್ರತಿ ಪುಟಕ್ಕೂ ನೀಲಿ ಶಾಯಿಯಲ್ಲೇ ಸಹಿ.

"ಅದಿರಲಿ ಮೇಷ್ಟ್ರೇ, ಸಮುದ್ರ ನೋಡಿದ್ರಾ?"

"ಕಂಡಿತು ಸಾರ್. ಇಮಿಗ್ರೇಷನ್ ಆಫೀಸಿನ ಟೋಕನ್ ಕೌಂಟರ್ ಕಡೆಯಿಂದ ಒಂದು ಸಂದಿನಲ್ಲಿ."

ನಗಬಹುದು. ಆದರೆ ಫೈಲಿನ ಕೊನೆಯ ಪ್ಲಾಸ್ಟಿಕ್ ಹಾಳೆಯಿಂದ ಒಂದು ಪುಟ್ಟ ನೀಲಿ ಪುಸ್ತಕ ತೆಗೆದು ತೋರಿಸಿದಾಗ ನಾವು ಸುಮ್ಮನಾದೆವು. ಅದು ವರ್ಕ್ ಪರ್ಮಿಟ್. ಒಳಗೆ ಅವರ ಫೋಟೋ, ಹೆಸರು, ಶಾಲೆ, ಉದ್ಯೋಗ: ಶಿಕ್ಷಕ. "ನಾಲ್ಕೂವರೆ ತಿಂಗಳಿಗೆ ಇಷ್ಟು ಕೊಟ್ರು ನೋಡಿ" ಎಂದರು. ನಮ್ಮ ಊರಿನಲ್ಲಿ ಹತ್ತು ವರ್ಷ ಪಾಠ ಹೇಳಿದ್ದಕ್ಕೆ ಅವರ ಬಳಿ ಇದ್ದದ್ದು ಬಿಡುಗಡೆ ಪತ್ರಗಳು ಮಾತ್ರ. ಅಲ್ಲಿಯವರು ಸಾವಿರ ಪ್ರಶ್ನೆ ಕೇಳಿದರು ನಿಜ, ಆದರೆ ನೀವು ಯಾರು ಎಂದು ಕೇಳಿದವರೂ ಅವರೇ. ಕಾಗದದ ಹುಚ್ಚು ಮೇಷ್ಟ್ರಿಗೆ ಸುಮ್ಮನೆ ಹಿಡಿದದ್ದಲ್ಲ.

ಈಗ ಊರಿನ ಹುಡುಗರು ಹೊರದೇಶಕ್ಕೆ ಹೊರಟರೆ ಮೊದಲು ಅವರ ಮನೆಗೆ ಹೋಗುತ್ತಾರೆ. ಮೇಷ್ಟ್ರು ದುಡ್ಡು ಮುಟ್ಟುವುದಿಲ್ಲ. ಬಾಗಿಲಲ್ಲೇ ಒಂದು ಪ್ರಶ್ನೆ: "ಲ್ಯಾಮಿನೇಷನ್ ಮಾಡ್ಸಿಲ್ಲ ತಾನೆ?"

ಜೂನಿನಲ್ಲಿ ಮತ್ತೆ ಅತಿಥಿ ಉಪನ್ಯಾಸಕರ ಆಯ್ಕೆ ನಡೆಯಿತು. ಹೊರದೇಶದ ಅನುಭವಕ್ಕೂ ಅಂಕ ಸಿಗಬಹುದೆಂದು ಮೇಷ್ಟ್ರು ಥಾಯ್ ಶಾಲೆಯ ಸೇವಾ ಪ್ರಮಾಣಪತ್ರ ಮುಂದಿಟ್ಟರು. ಗುಮಾಸ್ತರು ತಿರುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು.

"ಏನ್ ಮೇಷ್ಟ್ರೇ ಇದು, 2561ರ ನವೆಂಬರಿನಿಂದ 2562ರ ಮಾರ್ಚಿವರೆಗೆ ಸೇವೆ ಅಂತಿದೆ? ಆ ವರ್ಷ ಇನ್ನೂ ಬಂದೇ ಇಲ್ವಲ್ಲ!"

"ಅಲ್ಲಿ ಬುದ್ಧನ ಶಕೆ ಸಾರ್. 543 ಕಳೀಬೇಕು."

"ಕಳಿಯೋಕೆ ನಾನ್ಯಾರು? ಹಾಗಂತ ಒಂದು ಅಫಿಡವಿಟ್ ಮಾಡಿಸ್ಕೊಂಡು ಬನ್ನಿ."

ಮೇಷ್ಟ್ರ ಮುಖ ಅರಳಿತು. ರೆಕ್ಸಿನ್ ಫೈಲಿನ ಜಿಪ್ಪು ಎಳೆದರು. "ಮಾಡ್ಸಿದೀನಿ ಸಾರ್, ಮೂರು ಪ್ರತಿ. ನಿಮಗೆ ನೀಲಿ ಶಾಯಿ ಸಹಿಯದು ಬೇಕೋ, ಕಪ್ಪು ಶಾಯಿದೋ?"