ಗಡಿಯಾರದ ಪಕ್ಕದ ಪರಿವಾರ

ವಿಂಡೋಸ್ 98ರ ಕಾಲದಲ್ಲಿ ಒಬ್ಬನ ಅಂತಸ್ತು ತಿಳಿಯಲು ಅವನ ಮನೆಯ ಸೋಫಾ ನೋಡಬೇಕಿರಲಿಲ್ಲ. ಕಂಪ್ಯೂಟರ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕ, ಎಷ್ಟು ಪುಟಾಣಿ ಚಿತ್ರಗಳು ಸಾಲುಗಟ್ಟಿವೆ ಎಂದು ಎಣಿಸಿದರೆ ಸಾಕಿತ್ತು. ಆ ಲೆಕ್ಕದಲ್ಲಿ ನಾನು ಸಿರಿವಂತ. ಮೆಮೊರಿ ಎಷ್ಟು ಉಳಿದಿದೆ ಎನ್ನಲು ಒಂದು, ಪ್ರೊಸೆಸರ್ ಎಷ್ಟು ದುಡಿಯುತ್ತಿದೆ ಎನ್ನಲು ಒಂದು, ಮೋಡೆಮ್‌ನಲ್ಲಿ ಎಷ್ಟು ಬೈಟು ಬಂತು ಎಷ್ಟು ಹೋಯಿತು ಎನ್ನಲು ಇನ್ನೊಂದು, ಹೇಳಿದ ಹೊತ್ತಿಗೆ ಯಂತ್ರವನ್ನು ಮಲಗಿಸಲು ಮತ್ತೊಂದು. ಬೆಳಗ್ಗೆ ಸ್ವಿಚ್ ಹಾಕಿದರೆ ಇವರೆಲ್ಲ ಎದ್ದು ಕೂರುವಷ್ಟರಲ್ಲಿ ಕಾಫಿ ಕುಡಿದು ಲೋಟ ತೊಳೆದಿಟ್ಟು ಬರಬಹುದಿತ್ತು. ಕಂಪ್ಯೂಟರ್ ಯಾಕಿಷ್ಟು ನಿಧಾನ ಎಂದು ಪತ್ತೆ ಮಾಡುವುದಕ್ಕೇ ಇವರನ್ನೆಲ್ಲ ಕರೆತಂದದ್ದು ಎಂದು ಹೆಂಡತಿಗೆ ವಿವರಿಸುವುದು ಮಾತ್ರ ಕಷ್ಟವಾಗುತ್ತಿತ್ತು.

ಇವುಗಳಲ್ಲಿ ಹೆಚ್ಚಿನವು ಶೇರ್‌ವೇರ್. ಕಂಪ್ಯೂಟರ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯ ತುಂಬ ಅವೇ. ಮೊದಲು ಬಳಸು, ಹಿಡಿಸಿದರೆ ದುಡ್ಡು ಕಳಿಸು ಎನ್ನುವ ಈ ನಂಬಿಕೆಯ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಿ. 1982ರಲ್ಲಿ ಆಂಡ್ರ್ಯೂ ಫ್ಲೂಗೆಲ್‌ಮನ್ ಎಂಬಾತ ಪಿಸಿ-ಟಾಕ್ ಎಂಬ ತಂತ್ರಾಂಶ ಬರೆದು, ಯಾರು ಬೇಕಾದರೂ ನಕಲು ಮಾಡಿಕೊಳ್ಳಿ, ಮನಸ್ಸಿದ್ದರೆ 25 ಡಾಲರ್ ಕೊಡಿ ಎಂದ. ಮರುವರ್ಷ, ಮೈಕ್ರೋಸಾಫ್ಟ್ ಬಿಟ್ಟು ಬಂದ ಬಾಬ್ ವಾಲೇಸ್ ಪಿಸಿ-ರೈಟ್ ಎಂಬ ತಂತ್ರಾಂಶ ತಂದ. ಅವನ ಯೋಜನೆ ಇನ್ನೂ ಸೊಗಸು: 75 ಡಾಲರ್ ಕೊಟ್ಟು ನೋಂದಾಯಿಸಿಕೊಂಡವನು ಅದನ್ನು ಗೆಳೆಯನಿಗೆ ಹಂಚಬಹುದು, ಆ ಗೆಳೆಯನೂ ದುಡ್ಡು ಕಟ್ಟಿದರೆ ಹಂಚಿದವನಿಗೆ 25 ಡಾಲರ್ ಕಮಿಷನ್. ಈ ಯೋಜನೆಯಲ್ಲಿ ಹಂಚುವ ಭಾಗವನ್ನು ನಮ್ಮವರು ಶ್ರದ್ಧೆಯಿಂದ ಪಾಲಿಸಿದರು. ಕಟ್ಟುವ ಭಾಗಕ್ಕೆ ಡಾಲರ್ ತರುವುದೆಲ್ಲಿಂದ? ವಿದೇಶಿ ಡ್ರಾಫ್ಟ್ ಬೇಕೆಂದು ಬ್ಯಾಂಕಿಗೆ ಹೋಗಿ, ಏನು ತರಿಸುತ್ತಿದ್ದೀರಿ ಎಂದು ಮ್ಯಾನೇಜರ್ ಕೇಳಿದಾಗ, ಮೆಮೊರಿ ಕಮ್ಮಿಯಾದರೆ ಕೆಂಪಾಗುವ ಒಂದು ಚೌಕ ಎಂದು ಹೇಳುವ ಎದೆಗಾರಿಕೆ ನನಗಿರಲಿಲ್ಲ.

ಕಟ್ಟದವರನ್ನು ಈ ತಂತ್ರಾಂಶಗಳು ಬೈಯುತ್ತಿರಲಿಲ್ಲ, ನೆನಪಿಸುತ್ತಿದ್ದವು. ಬೈದಿದ್ದರೇ ವಾಸಿಯಿತ್ತು. ಮೂವತ್ತು ದಿನ ಕಳೆದವು, ನಲವತ್ತೆಂಟು ದಿನ ಕಳೆದವು ಎಂದು ದಿನಾ ಒಂದು ಕಿಟಕಿ ತೆರೆದು ಲೆಕ್ಕ ಒಪ್ಪಿಸುವುದು. ನನ್ನ ಗೆಳೆಯನೊಬ್ಬ ಇದಕ್ಕೆ ಔಷಧ ಕಂಡುಹಿಡಿದಿದ್ದ. ಕಂಪ್ಯೂಟರಿನ ಕ್ಯಾಲೆಂಡರನ್ನೇ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದ. ಜಗತ್ತು ಹೊಸ ಶತಮಾನಕ್ಕೆ ಕಾಲಿಟ್ಟ ಮೇಲೂ ಅವನು 1999ರ ಜುಲೈಯಲ್ಲೇ ಬಾಳುವೆ ಮಾಡುತ್ತಿದ್ದ. ಟೈಪು ಮಾಡಿದ ಪತ್ರಗಳಿಗೆಲ್ಲ ಆ ತಿಂಗಳ ತಾರೀಖೇ ಬೀಳುತ್ತಿತ್ತು. ಬಾಡಿಗೆ ಕರಾರು ಟೈಪು ಮಾಡುವಾಗ ಮನೆಯ ಮಾಲೀಕರು ಗಮನಿಸಿದ್ದರಿಂದ ಈ ಕಾಲಯಾನ ಮುಗಿಯಿತು. ಇಷ್ಟೆಲ್ಲ ಕಷ್ಟ ಕೊಡದ ಪುಣ್ಯಾತ್ಮ, ಫೈಲು ಕುಗ್ಗಿಸುವ ವಿನ್‌ರಾರ್. ಪರೀಕ್ಷಾ ಅವಧಿ 40 ದಿನ ಎನ್ನುತ್ತದೆ, ವರ್ಷಗಟ್ಟಲೆ ಸಹಿಸಿಕೊಳ್ಳುತ್ತದೆ.

ಪರಿವಾರದಲ್ಲಿ ನನಗೆ ಪರಮಪ್ರಿಯವಾಗಿದ್ದದ್ದು ಮೆಮೊರಿ ತೊಳೆಯುವ ತಂತ್ರಾಂಶ. ಒಂದು ಗುಂಡಿ ಒತ್ತಿದರೆ ಕೆಂಪು ಪಟ್ಟಿ ಹಸಿರಾಗಿ, 4 ಎಂಬಿ ಖಾಲಿ ಇದ್ದದ್ದು 30 ಎಂಬಿ ಆಗುತ್ತಿತ್ತು. ಆ ಸುಖವನ್ನು ಬಾಯಲ್ಲಿ ಹೇಳಲಾಗದು. ಒಳಗೆ ನಡೆಯುತ್ತಿದ್ದ ಕಥೆಯೇ ಬೇರೆ. ಅದು ವಿಂಡೋಸ್ ಬಳಿ ಹೋಗಿ ನನಗೆ ಇಷ್ಟೊಂದು ಮೆಮೊರಿ ಬೇಕು ಎಂದು ಸುಳ್ಳು ಹಟ ಹಿಡಿಯುತ್ತದೆ. ವಿಂಡೋಸ್ ಗಾಬರಿಯಿಂದ, ನೀವು ಅರ್ಧ ಬರೆದಿಟ್ಟ ಪತ್ರವನ್ನೂ ಸೇರಿಸಿ ಸಿಕ್ಕಿದ್ದನ್ನೆಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸಿ ಜಾಗ ಬಿಡಿಸಿಕೊಡುತ್ತದೆ. ಆಗ ಇದು ಬೇಡ ಬಿಡಿ ಎಂದು ಎದ್ದು ಹೋಗುತ್ತದೆ. ನೆಂಟರು ಬರುತ್ತಾರೆಂದು ಹಜಾರದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕಿ, ಮನೆ ಎಷ್ಟು ವಿಶಾಲವಾಗಿದೆ ನೋಡಿ ಎಂದ ಹಾಗೆ. ಪತ್ರಕ್ಕೆ ಮರಳಿದಾಗ ಡಿಸ್ಕು ಗರಗರ ಎಂದು ಎಲ್ಲವನ್ನೂ ಮತ್ತೆ ಇಳಿಸಬೇಕು. ಇದಾದರೂ ಏನೋ ಒಂದು ಮಾಡುತ್ತಿತ್ತು. 1995ರಲ್ಲಿ ಅಮೆರಿಕದಲ್ಲಿ ಸಾಫ್ಟ್‌ರ‍್ಯಾಮ್ 95 ಎಂಬುದು, ಇದೇನು ಶೇರ್‌ವೇರ್ ಅಲ್ಲ, ಅಂಗಡಿಯಲ್ಲಿ ಡಬ್ಬಿಯಲ್ಲೇ ಮಾರಿದ್ದು, ಮೆಮೊರಿ ಇಮ್ಮಡಿ ಮಾಡುತ್ತೇನೆಂದು ಹೇಳಿಕೊಂಡು ಲಕ್ಷಗಟ್ಟಲೆ ಪ್ರತಿ ಖರ್ಚಾಯಿತು. ಬಿಚ್ಚಿ ನೋಡಿದರೆ ಅದು ಇಮ್ಮಡಿ ಮಾಡುವ ಕೆಲಸಕ್ಕೇ ಕೈ ಹಾಕಿರಲಿಲ್ಲ. ಅಲ್ಲಿನ ವ್ಯಾಪಾರ ಆಯೋಗ ಕ್ರಮ ಜರುಗಿಸಿತು.

ಅಂಕಿ ಕಣ್ಣಿಗೆ ಬಿದ್ದರೆ ಅನುಮಾನ ತಪ್ಪಿದ್ದಲ್ಲ. ವಿಂಡೋಸ್ ಎಕ್ಸ್‌ಪಿ ಬಂದ ಮೇಲೆ ನಮ್ಮ ಸೋದರಮಾವ ಫೋನು ಮಾಡಿ, ಸಿಸ್ಟಮ್ ಐಡಲ್ ಪ್ರೊಸೆಸ್ ಎಂಬ ರಾಕ್ಷಸ ಪ್ರೊಸೆಸರಿನ ಶೇಕಡಾ 97ನ್ನು ನುಂಗುತ್ತಿದೆ, ಕೊಲ್ಲಲು ಹೋದರೆ ಸಾಯುತ್ತಿಲ್ಲ ಎಂದರು. ಪ್ರೊಸೆಸರ್ ಸುಮ್ಮನೆ ಕೂತಿರುವುದನ್ನು ತೋರಿಸುವ ಸಾಲು ಅದು ಎಂದೆ. ಸುಮ್ಮನೆ ಕೂರುವುದಕ್ಕೆ 97 ಯಾಕೆ ಬೇಕು ಎಂದು ಕೇಳಿದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದವರು; ನಾನು ಉತ್ತರಿಸಲಿಲ್ಲ. ಶಾಖ ಅಳೆಯುವ ತಂತ್ರಾಂಶದ್ದು ಇನ್ನೊಂದು ಬಗೆ. ನನ್ನದರಲ್ಲಿ ಒಂದು ಸೆನ್ಸರ್ 127 ಡಿಗ್ರಿ ಎಂದು ಕೆಂಪು ಬೆಂಕಿ ಉಗುಳುತ್ತಿತ್ತು. ಡಬ್ಬ ಬಿಚ್ಚಿ ಕೈಯಿಟ್ಟರೆ ತಣ್ಣಗಿತ್ತು. ಆ ಜಾಗದಲ್ಲಿ ಸೆನ್ಸರೇ ಇರಲಿಲ್ಲ. ಋಣ ಸಂಖ್ಯೆಗೂ ಜಾಗ ಬಿಟ್ಟ ಎಂಟು ಬಿಟ್ಟಿನ ಲೆಕ್ಕದಲ್ಲಿ ಹೇಳಬಹುದಾದ ಅತಿ ದೊಡ್ಡ ಸಂಖ್ಯೆ 127, ಅದನ್ನೇ ಹೇಳುತ್ತಿತ್ತು. ಅಷ್ಟರಲ್ಲಿ ಮನೆಯ ಟೇಬಲ್ ಫ್ಯಾನು ಕಂಪ್ಯೂಟರಿನ ಪಾಲಾಗಿತ್ತು.

ಇವರಲ್ಲಿ ಉಂಡ ಅನ್ನದ ಋಣ ತೀರಿಸಿದ್ದು ಬೈಟು ಎಣಿಸುವ ಮೀಟರ್ ಮತ್ತು ಅದರ ಜೊತೆಗಾರರು ಮಾತ್ರ. ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ಹಗಲಿನ ಡೇಟಾಗೆ ಮಿತಿ, ಮೀರಿದರೆ ಎಂಬಿ ಲೆಕ್ಕದಲ್ಲಿ ಬಿಲ್ಲು, ರಾತ್ರಿ ಎರಡರಿಂದ ಬೆಳಗ್ಗೆ ಎಂಟರವರೆಗೆ ಎಷ್ಟಾದರೂ ಇಳಿಸಿಕೊಳ್ಳಿ ಎಂಬ ಯೋಜನೆಗಳಿದ್ದವು. ಎರಡಕ್ಕೆ ಡೌನ್‌ಲೋಡ್ ಶುರು ಮಾಡಲು ಒಂದು, ಎಂಟರೊಳಗೆ ಯಂತ್ರ ಆರಿಸಲು ಒಂದು, ನಡುವೆ ಎಣಿಸಲು ಒಂದು. ನಾವು ಮಲಗಿರುವಾಗ ಮೂವರೂ ಪ್ರಾಮಾಣಿಕವಾಗಿ ಪಾಳಿ ಮಾಡಿದರು. ಆ ಮೀಟರ್ ಬರೆದವನಿಗೆ ದುಡ್ಡು ಕೊಡದವರ ಬಗ್ಗೆ ನನಗೆ ಸಿಟ್ಟಿದೆ.

ಈಗಲೂ ಕಂಪ್ಯೂಟರ್ ಕಾಯುವ ಚಪಲ ಬಿಡದವರಿಗೆ ಪ್ರೊಸೆಸ್ ಎಕ್ಸ್‌ಪ್ಲೋರರ್ ಒಂದು ಸಾಕು. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಕಟ್ಟಿದ ಸಿಸ್‌ಇಂಟರ್ನಲ್ಸ್‌ನ ಕೂಸು ಅದು. 2006ರಲ್ಲಿ ಮೈಕ್ರೋಸಾಫ್ಟ್ ಕೊಂಡ ಮೇಲೂ ಉಚಿತವಾಗಿಯೇ ಉಳಿದಿದೆ. ಮೆಮೊರಿ ತೊಳೆಯುವವರು ಮಾತ್ರ ಕಂಪ್ಯೂಟರ್ ಬಿಟ್ಟು ನಿಮ್ಮ ಫೋನಿಗೆ ಬೂಸ್ಟರ್ ಎಂಬ ವೇಷದಲ್ಲಿ ಬಂದಿದ್ದಾರೆ. ಅವರು ಮುಚ್ಚಿದ ಆ್ಯಪ್‌ಗಳಲ್ಲಿ ಹಲವನ್ನು ಆಂಡ್ರಾಯ್ಡ್ ಮರುಗಳಿಗೆಯೇ ಮತ್ತೆ ತೆರೆಯುತ್ತದೆ, ಬ್ಯಾಟರಿ ಹೋಗುವುದು ನಿಮ್ಮದು. ಇವತ್ತೇ ಅಳಿಸಿ ಹಾಕಿ.