ಪೂರ್ವಜಾರೋಪಿತ ವಿಜಯ: ವಿಕ್ ಆನ್ ಝೀ ಟೈಬ್ರೇಕರ್‌ನ ಒಂದು ತಾತ್ತ್ವಿಕ ಅನುಸಂಧಾನ

ನೆದರ್ಲೆಂಡ್ಸ್‌ನ ವಿಕ್ ಆನ್ ಝೀಯಲ್ಲಿ 2025ರ ಫೆಬ್ರವರಿ 2ರಂದು 18 ವರ್ಷದ ಡಿ. ಗುಕೇಶ್ ಮತ್ತು 19 ವರ್ಷದ ಆರ್. ಪ್ರಜ್ಞಾನಂದ ಆಡಿದ ಟೈಬ್ರೇಕರ್ ಅನ್ನು ಬರಿಯ ಚದುರಂಗವೆಂದು ನೋಡುವುದು ವಿದ್ವತ್ತಿಗೆ ಶೋಭಿಸದು. ಅದನ್ನು ‘ಪೂರ್ವಜಾರೋಪಿತ ವಿಜಯ’ದ, ಅಂದರೆ ಮಕ್ಕಳು ದುಡಿದು ಗೆದ್ದದ್ದನ್ನು ಸತ್ತವರ ಖಾತೆಗೆ ಜಮಾ ಮಾಡುವ ಕ್ರಮದ, ನೆಲೆಯಲ್ಲಿಯೇ ವಿವೇಚಿಸಬೇಕು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಚದುರಂಗವನ್ನು ವಿವರಿಸಿರುವುದರಿಂದಲೂ, ಮುಮ್ಮಡಿ ಕೃಷ್ಣರಾಜ ಒಡೆಯರು ಒಂದೇ ಕುದುರೆ 64 ಮನೆಗಳನ್ನೂ ಒಂದೊಂದು ಸಲ ಮುಟ್ಟಿಬರುವ ಬಂಧಗಳನ್ನು ರಚಿಸಿರುವುದರಿಂದಲೂ, ಚೆನ್ನೈನ ಈ ಇಬ್ಬರ ಕುದುರೆಗಳು ವಸ್ತುತಃ ಮೈಸೂರಿನ ಲಾಯದವೆಂಬುದು ನಿರ್ವಿವಾದ.

ಇಂಥ ವಿಜಯ ಮೂರು ವಿಧ. ಮೊದಲನೆಯದು ಪ್ರಾಂತಮೂಲ: 2024ರ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದಾಗ ಆಂಧ್ರದ ಮುಖ್ಯಮಂತ್ರಿಗಳು ಅವರನ್ನು ತೆಲುಗು ಹುಡುಗನೆಂದು ಅಭಿನಂದಿಸಿದ್ದೂ, ತಮಿಳುನಾಡಿನ ಮುಖ್ಯಮಂತ್ರಿಗಳು ಚೆನ್ನೈಗೆ ಚೆಸ್ ರಾಜಧಾನಿಯ ಪಟ್ಟ ಕಟ್ಟಿದ್ದೂ ಇದಕ್ಕೆ ಆಕರ. ಎರಡನೆಯದು ವೇದಿಕಾಮೂಲ, ಅಂದರೆ ಹಾರ, ಶಾಲು, ಪೇಟಗಳ ನಡುವೆ ಆಟಗಾರನ ಮುಖವೇ ಕಾಣದಾಗುವ ಸ್ಥಿತಿ. ಮೂರನೆಯದಕ್ಕೆ ಹೆಸರು ಹುಡುಕುವಷ್ಟು ತಾಳ್ಮೆ ಈ ಪ್ರಬಂಧಕ್ಕಿಲ್ಲ.

ವಿಕ್ ಆನ್ ಝೀಯಲ್ಲಿ ಆ ದಿನ ನಡೆದದ್ದೇ ಬೇರೆ. ಪಂದ್ಯಾವಳಿಯ ಕೊನೆಯ ಸುತ್ತಿನಲ್ಲಿ ಗುಕೇಶ್ ಅರ್ಜುನ್ ಎರಿಗೈಸಿಗೆ ಸೋತಿದ್ದರು. ಪ್ರಜ್ಞಾನಂದ ಗಂಟೆಗಟ್ಟಲೆ ಸೆಣಸಿ ವಿನ್ಸೆಂಟ್ ಕೀಮರ್‌ಗೆ ಸೋತಿದ್ದರು. 13 ಸುತ್ತುಗಳಲ್ಲಿ ತಲಾ 8.5 ಅಂಕ ಗಳಿಸಿ ಸಮನಾಗಿದ್ದ ಇಬ್ಬರೂ ಆ ಸೋಲನ್ನು ನುಂಗಿಕೊಂಡೇ ಬ್ಲಿಟ್ಜ್‌ಗೆ, ಅಂದರೆ ಇಡೀ ಆಟಕ್ಕೆ ತಲಾ ಮೂರೇ ನಿಮಿಷ ಕೊಟ್ಟು ನಡೆ ನಡೆಗೂ ಎರಡು ಸೆಕೆಂಡು ಸೇರಿಸುವ ಆಟಕ್ಕೆ, ಕೂರಬೇಕಾಯಿತು. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರವನ್ನೂ ಒತ್ತಬೇಕೆಂಬುದು ನಿಯಮ. ಆ ಕೈಗಳ ಹಿಂದೆ ಸೋಮೇಶ್ವರನೂ ಇರಲಿಲ್ಲ, ಮುಖ್ಯಮಂತ್ರಿಗಳೂ ಇರಲಿಲ್ಲ. ಮೊದಲ ಆಟ ಗುಕೇಶ್‌ಗೆ, ಎರಡನೆಯದು ಪ್ರಜ್ಞಾನಂದರಿಗೆ; ಗೆದ್ದವರಿಗೇ ಪ್ರಶಸ್ತಿ ಎಂಬ ಮೂರನೆಯದೂ ಪ್ರಜ್ಞಾನಂದರಿಗೇ ಒಲಿಯಿತು.

ಹದಿನೆಂಟರ ವಿಶ್ವ ಚಾಂಪಿಯನ್ ಒಂದೇ ದಿನ ಮೂರು ಸಲ ಸೋತರು. ಆ ಸೋಲುಗಳನ್ನು ಮಾತ್ರ ಯಾವ ವಿದ್ವಾಂಸರೂ ಯಾವ ಪೂರ್ವಜರ ಖಾತೆಗೂ ಖರ್ಚು ಹಾಕಲಿಲ್ಲ. ಅವು ಹುಡುಗನ ಸ್ವಂತ ಆಸ್ತಿಯಾಗಿ ಉಳಿದವು. ಲಾಭಕ್ಕೆ ಪರಂಪರೆ, ನಷ್ಟಕ್ಕೆ ಹುಡುಗ ಎಂಬ ಈ ಲೆಕ್ಕ ಶುದ್ಧ ಕಳ್ಳಲೆಕ್ಕ. ಅದಕ್ಕೆ ಪಾರಿಭಾಷಿಕ ಪದ ಬೇಕಿಲ್ಲ. ಮುಂದಿನ ಸನ್ಮಾನ ಸಭೆಯಲ್ಲಿ ‘ಮಾನಸೋಲ್ಲಾಸ’ವನ್ನು ಎತ್ತಲಿರುವ ಭಾಷಣಕಾರರು ಅದಕ್ಕೆ ಮೊದಲು ಆ ಮೂರು ಆಟಗಳ ನಡೆಗಳನ್ನು ಹಾಸಿನ ಮೇಲೆ ಒಮ್ಮೆಯಾದರೂ ಆಡಿ ನೋಡಿಕೊಂಡು ಬರಬೇಕು.