ಸಣ್ಣ ಪ್ರಮಾಣದ ಹೂರಣ: ಬಳಕೆದಾರರ ಕೈಪಿಡಿ

ಈ ಕೈಪಿಡಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಗೆ ಮಾತ್ರ ಅನ್ವಯ. ಮೈಸೂರು ಸೀಮೆಯವರು ತೊಗರಿಬೇಳೆ ಹಾಕುತ್ತಾರೆ. ಅದು ಅವರ ಜವಾಬ್ದಾರಿ.

ನಾಲ್ಕು ಮಂದಿಗೆ ಕಾಲು ಕಿಲೋ ಕಡಲೆಬೇಳೆ, ಅಷ್ಟೇ ಬೆಲ್ಲ. ಅಳೆಯುವಾಗ ಅತ್ತೆಯವರು ಹತ್ತಿರ ಇರದಂತೆ ನೋಡಿಕೊಳ್ಳಿ. ಇದ್ದರೆ, "ಇಷ್ಟ ಬ್ಯಾಳಿ ಯಾರ ಹಲ್ಲಿಗೆ ಹತ್ತತೈತಿ?" ಎನ್ನುತ್ತಾರೆ. ವಾದಿಸದೆ ಇನ್ನಷ್ಟು ಸುರಿಯಿರಿ. ನೈವೇದ್ಯಕ್ಕೆ ಬೇಕು, ಆಚೀಚೆ ಮನೆಗೆ ಬೇಕು, ಕಾರಹುಣ್ಣಿಮೆಯಾದರೆ ಎತ್ತುಗಳಿಗೂ ಬೇಕು. ಎತ್ತು ಮಾರಿ ಟ್ರ್ಯಾಕ್ಟರ್ ತಂದ ಮನೆಯಲ್ಲೂ ಈ ಪಾಲು ಕಡಿಮೆಯಾಗಿಲ್ಲ. ಯಾರು ತಿನ್ನುತ್ತಾರೆಂದು ವಿಚಾರಿಸಬಾರದು.

ಬೇಳೆ ಬೆರಳ ನಡುವೆ ಹಿಚುಕಿದರೆ ಪುಡಿಯಾಗಬೇಕು, ಪಾತ್ರೆಯಲ್ಲಿ ಮಾತ್ರ ಇಡಿಯಾಗಿ ಕಾಣಬೇಕು. ಬೇಯುವ ಮೊದಲೇ ಬೆಲ್ಲ ಹಾಕಿದಿರೋ, ಸಂಜೆಯವರೆಗೂ ಕುದಿಸಿದರೂ ಬೇಳೆ ಮೆತ್ತಗಾಗುವುದಿಲ್ಲ. ಕಟ್ಟು ಬಸಿದು ಬೇರೆ ಇಡಿ. ಅದನ್ನು ಬಚ್ಚಲಿಗೆ ಚೆಲ್ಲಿದವರಿಗೆ ಈ ಕೈಪಿಡಿಯ ಮುಂದಿನ ಭಾಗ ಓದುವ ಅರ್ಹತೆಯಿಲ್ಲ. ಕಟ್ಟಿನ ಸಾರಿಲ್ಲದ ಹೋಳಿಗೆ ಊಟ ಊಟವೇ ಅಲ್ಲ. ಈಗ ಬೆಲ್ಲ ಹಾಕಿ. ಬೇಳೆ ಒಮ್ಮೆಲೇ ನೀರಾಗುತ್ತದೆ, ಗಾಬರಿ ಬೇಡ. ತಿರುವುತ್ತಿರಿ. ಗುಳ್ಳೆ ಒಡೆದು ಮುಂಗೈಗೆ ಸಿಡಿಯುತ್ತದೆ, ಬಿಸಿಬೆಲ್ಲದ ಚುಕ್ಕೆ ಚರ್ಮ ಬಿಡುವುದಿಲ್ಲ, ಆದರೂ ತಿರುವುತ್ತಿರಿ. ನಟ್ಟನಡುವೆ ನೆಟ್ಟ ಸೌಟು ವಾಲದೆ ನಿಂತರೆ ಹೂರಣ ಪಾಸು. ಯಾಲಕ್ಕಿ, ಜಾಜಿಕಾಯಿ, ಒಣಶುಂಠಿ ಹಾಕಿ ಬಿಸಿಯಿರುವಾಗಲೇ ಒಳಕಲ್ಲಲ್ಲಿ ರುಬ್ಬಿ. ಆರಿದ ಮೇಲೆ ರುಬ್ಬಿದರೆ ಗಂಟು ಉಳಿದು ಕಣಕ ಹರಿಯುತ್ತದೆ. ಮಿಕ್ಸಿಯೂ ನಡೆಯುತ್ತದೆ, ಅತ್ತೆಯವರ ಷರತ್ತು ಇಲ್ಲಿಯೂ ಅನ್ವಯ.

ಸಂಗ್ರಹಣೆ: ಇಂಗ್ಲಿಷರು ಕ್ರಿಸ್‌ಮಸ್ ಪೈಗೆಂದು ಒಣದ್ರಾಕ್ಷಿ, ನಿಂಬೆ, ಬ್ರಾಂದಿ ಸೇರಿಸಿದ ಹೂರಣವನ್ನು ಭರಣಿಯಲ್ಲಿ ವಾರಗಟ್ಟಲೆ ಇಡುತ್ತಾರೆ. ನಮ್ಮಲ್ಲಿ ಒಣದ್ರಾಕ್ಷಿಗೆ ಬರವಿಲ್ಲ, ಇಂಡಿ ನಿಂಬೆಗಂತೂ 2023ರಲ್ಲಿ ಜಿಐ ಮಾನ್ಯತೆಯೇ ಬಂತು. ಆದರೂ ಬೇಳೆ ಹೂರಣವನ್ನು ಭರಣಿಗೆ ತುಂಬಬೇಡಿ, ಮರುದಿನವೇ ಹುಳಿ ಬರುತ್ತದೆ. ಇಡಲೇಬೇಕೆಂದರೆ ಶೇಂಗಾ ಹೋಳಿಗೆ ಮಾಡಿ.

ಕಾಲು ಕಿಲೋದಲ್ಲೇ ಮಾಡಿ ತೀರುತ್ತೇನೆ ಎನ್ನುವ ಹಟವಾದಿಗಳು ಹಬ್ಬದ ದಿನ ಬಿಟ್ಟು, ಯಾವುದಾದರೂ ಸಾದಾ ಮಂಗಳವಾರ ಬಾಗಿಲು ಹಾಕಿಕೊಂಡು ಮಾಡಿ. ವಾಸನೆ ಹಿಡಿದು ಬಂದವರಿಗೆ ನಾವು ಹೊಣೆಯಲ್ಲ.